ಹಾಸನ, ಚಿಕ್ಕಮಗಳೂರಿನ ಪರಿಸರ ವಿದ್ಯಾರ್ಥಿಗಳಿಗೆ ಆಕರಗಳ ಕೈಪಿಡಿ: ಕಾಡಿನ ಹೊರಗಿನ ನೆಲವನ್ನು ಓದುವುದು ಹೇಗೆ

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಕಾಲೇಜುಗಳಲ್ಲಿ ಪರಿಸರ ವಿಜ್ಞಾನ, ಸಸ್ಯಶಾಸ್ತ್ರ ಅಥವಾ ಪ್ರಾಣಿಶಾಸ್ತ್ರ ಓದುತ್ತಿರುವವರು ಕಿರು ಸಂಶೋಧನೆಗೆ ಸ್ಥಳ ಹುಡುಕುವಾಗ ಸಾಮಾನ್ಯವಾಗಿ ಭದ್ರಾ ಹುಲಿ ಸಂರಕ್ಷಿತ ಪ್ರದೇಶವನ್ನೋ ಕುದುರೆಮುಖ ರಾಷ್ಟ್ರೀಯ ಉದ್ಯಾನವನ್ನೋ ಮೊದಲು ಹೆಸರಿಸುತ್ತಾರೆ. ಅದು ಸಹಜವೇ ಆದರೂ ಅಲ್ಲಿ ಅಧ್ಯಯನ ಮಾಡಲು ಬೇಕಾದ ಅನುಮತಿ ಕೈಸೇರುವಷ್ಟರಲ್ಲಿ ಸೆಮಿಸ್ಟರ್ ಮುಗಿದುಹೋಗುವ ಸಂಭವವೇ ಹೆಚ್ಚು. ಇತ್ತ ಕಾಲೇಜಿನಿಂದ ಬಸ್ಸಿನಲ್ಲಿ ಹೋಗಿ ಸಂಜೆಯೊಳಗೆ ಮರಳಬಹುದಾದ ದೂರದಲ್ಲಿ ಕಾಫಿ ತೋಟ, ಕೆರೆ, ಕಾವಲು, ಗೋಮಾಳ, ದೇವರ ಕಾಡು, ರೈತರು ಗೊಬ್ಬರಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ ಮುಂತಾದ ನೆಲಗಳಿವೆ. ಇವುಗಳ ಬಗ್ಗೆ ನಡೆದ ಅಧ್ಯಯನ ಕಡಿಮೆ, ಆದರೆ ಉಳಿದಿರುವ ದಾಖಲೆ ಹೇರಳ. ಆ ದಾಖಲೆ ಯಾವುದೋ ಒಂದು ಜಾಲತಾಣದಲ್ಲಿ ಒಟ್ಟಿಗೆ ಸಿಗುವುದಿಲ್ಲ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ, ತೋಟದ ಲೆಕ್ಕ ನೋಡುವ ರೈಟರ್ ಬರೆದಿಟ್ಟ ಮಳೆ ಪುಸ್ತಕದಲ್ಲಿ, ಪಂಚಾಯಿತಿಯ ಬೀರುವಿನಲ್ಲಿ, ಬೆಂಗಳೂರಿನ ಹರ್ಬೇರಿಯಂನಲ್ಲಿ (ಒಣಗಿಸಿದ ಸಸ್ಯಗಳ ಸಂಗ್ರಹಾಲಯ) ಚದುರಿಹೋಗಿದೆ. ಅದನ್ನು ಹುಡುಕಿ ಒಂದೇ ಸ್ಥಳಕ್ಕೆ ಜೋಡಿಸುವ ಕ್ರಮವನ್ನು ಈ ಬರಹ ವಿವರಿಸುತ್ತದೆ.

ಮೊದಲು ಸ್ಥಳ, ಆಮೇಲೆ ವಿಷಯ

ವಿಷಯವನ್ನು ಮೊದಲು ನಿರ್ಧರಿಸಿ ಆಮೇಲೆ ಅದಕ್ಕೆ ತಕ್ಕ ಸ್ಥಳ ಹುಡುಕುವುದು ದೊಡ್ಡ ಸಂಸ್ಥೆಗಳಿಗೆ ಒಪ್ಪುವ ಪದ್ಧತಿ. ಹಣ, ವಾಹನ, ಸಮಯ ಮೂರೂ ಕಡಿಮೆ ಇರುವ ವಿದ್ಯಾರ್ಥಿ ಇದನ್ನು ತಿರುಗಿಸಿಕೊಳ್ಳುವುದು ಒಳ್ಳೆಯದು. ವಾರಕ್ಕೊಮ್ಮೆಯಾದರೂ ಹೋಗಿಬರಬಲ್ಲ ಒಂದು ಗ್ರಾಮ, ಒಂದು ಕೆರೆ ಅಥವಾ ಒಂದು ತೋಟವನ್ನು ಆರಿಸಿಕೊಂಡು, ಅಲ್ಲಿ ಏನು ಕೇಳಿದರೆ ಉತ್ತರ ಸಿಕ್ಕೀತು ಎಂದು ಯೋಚಿಸಬೇಕು.

ಈ ಎರಡು ಜಿಲ್ಲೆಗಳು ಅದಕ್ಕೆ ಬಹಳ ಅನುಕೂಲವಾಗಿವೆ. ಪಶ್ಚಿಮದ ಅಂಚಿನಲ್ಲಿ ಬಿಸಿಲೆ, ಚಾರ್ಮಾಡಿ, ಶೃಂಗೇರಿ, ಕೊಪ್ಪದ ಕಡೆಯ ನಿತ್ಯಹರಿದ್ವರ್ಣದ ಕಾಡುಗಳಿದ್ದರೆ, ನಡುವೆ ಆಲೂರು, ಬೇಲೂರು, ಚಿಕ್ಕಮಗಳೂರಿನ ಅರೆಮಲೆನಾಡು ಬರುತ್ತದೆ. ಪೂರ್ವಕ್ಕೆ ಸರಿದಂತೆ ಅರಸೀಕೆರೆ, ಕಡೂರು, ಅಜ್ಜಂಪುರದ ಬಯಲುಸೀಮೆ ತೆರೆದುಕೊಳ್ಳುತ್ತದೆ. ಬಿಸಿಲೆಯ ಬಳಿಯ ಒಂದು ದಿಣ್ಣೆಯ ಪಶ್ಚಿಮಕ್ಕೆ ಬಿದ್ದ ಮಳೆ ಕುಮಾರಧಾರೆಯನ್ನು ಸೇರಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ, ಪೂರ್ವಕ್ಕೆ ಬಿದ್ದದ್ದು ಹೇಮಾವತಿಯ ಮೂಲಕ ಕಾವೇರಿಗೆ ಇಳಿದು ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ. ಒಂದೇ ದಿನದ ಪಯಣದಲ್ಲಿ ಇಷ್ಟು ಬಗೆಯ ನೆಲ ನೋಡಲು ಸಿಗುವ ಕಡೆಗಳು ರಾಜ್ಯದಲ್ಲಿ ಹೆಚ್ಚಿಲ್ಲ.

ಆದರೂ ಬಹುತೇಕ ವಿದ್ಯಾರ್ಥಿಗಳ ಕಣ್ಣು ಮಲೆನಾಡಿನ ಮೇಲೆಯೇ ಇರುತ್ತದೆ. ಬಯಲುಸೀಮೆಯ ಕಾವಲುಗಳು ಅದಕ್ಕಿಂತ ಕಡಿಮೆ ಅಧ್ಯಯನಯೋಗ್ಯವಲ್ಲ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ತಳಿಯ ದನಗಳ ಮೇವಿಗೆಂದು ಕಾಯ್ದಿಟ್ಟ ಈ ಹುಲ್ಲುಗಾವಲುಗಳಲ್ಲಿ ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು ಕೃಷ್ಣಮೃಗಗಳ ಸಲುವಾಗಿ 2011ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರ ಇಂದಿಗೂ ಇದೆ. ಹುಲ್ಲುಗಾವಲನ್ನು 'ಖಾಲಿ ಜಾಗ' ಎಂದು ಭಾವಿಸಿ ಅಲ್ಲಿ ಸಸಿ ನೆಡುವುದು ಸಂರಕ್ಷಣೆಯಲ್ಲ, ಅದು ಹುಲ್ಲನ್ನು ನಂಬಿದ ಜೀವಿಗಳ ನೆಲೆಯನ್ನು ಕಸಿಯುವ ಕೆಲಸ. ಈ ಮಾತು ಕಡೂರಿನ ಕಾವಲಿಗೆ ಅನ್ವಯಿಸುವಷ್ಟೇ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಯ ಮೇಲಿನ ಹುಲ್ಲು ಬೆಟ್ಟಗಳಿಗೂ ಅನ್ವಯಿಸುತ್ತದೆ. ಅಲ್ಲಿ ಹುಲ್ಲೂ ಕಣಿವೆಯ ಶೋಲಾ ಕಾಡೂ ಒಂದರ ಪಕ್ಕ ಒಂದು ಬೆಳೆದಿರುವುದು ಮರ ಕಡಿದ ಪರಿಣಾಮವೆಂದು ತಿಳಿಯಬಾರದು. ಅದು ಆ ಎತ್ತರದ ಸಹಜ ಸ್ವರೂಪ.

ನಕ್ಷೆ ಮತ್ತು ಜಮೀನಿನ ದಾಖಲೆ

ಸ್ಥಳ ಆರಿಸಿದ ಮೇಲೆ ಮಾಡಬೇಕಾದ ಮೊದಲ ಕೆಲಸ ಆ ನೆಲ ಕಾಗದದ ಮೇಲೆ ಏನಾಗಿದೆ ಎಂದು ತಿಳಿಯುವುದು. ಕಣ್ಣಿಗೆ ಕಾಡಾಗಿ ಕಾಣುವುದು ದಾಖಲೆಯಲ್ಲಿ ಗೋಮಾಳವಾಗಿರಬಹುದು, ಬೋಳುಗುಡ್ಡವಾಗಿ ಕಾಣುವುದು ಮೀಸಲು ಅರಣ್ಯವಾಗಿರಬಹುದು. ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರ ಸಿದ್ಧಪಡಿಸಿರುವ 'ದಿಶಾಂಕ್' ಎಂಬ ಮೊಬೈಲ್ ಆ್ಯಪ್ ಇದಕ್ಕೆ ಅತ್ಯುತ್ತಮ ಸಾಧನ. ನಿಂತ ಜಾಗದಲ್ಲೇ ಅದನ್ನು ತೆರೆದರೆ ಆ ಜಾಗದ ಸರ್ವೆ ನಂಬರ್, ಗ್ರಾಮ, ಹೋಬಳಿಗಳನ್ನು ತೋರಿಸುತ್ತದೆ. ಸರ್ವೆ ನಂಬರ್ ಸಿಕ್ಕ ಮೇಲೆ ಭೂಮಿ ತಂತ್ರಾಂಶದಲ್ಲಿ ಪಹಣಿಯನ್ನೂ ಕಂದಾಯ ಇಲಾಖೆಯ ಜಾಲತಾಣದಲ್ಲಿ ಗ್ರಾಮ ನಕ್ಷೆಯನ್ನೂ ಪಡೆಯಬಹುದು. ಗ್ರಾಮ ನಕ್ಷೆಯಲ್ಲಿ ಹಳ್ಳ, ಕೆರೆ, ಕಟ್ಟೆ, ಬಂಡಿದಾರಿಗಳ ಗುರುತು ಇರುತ್ತದೆ. ನಕ್ಷೆಯಲ್ಲಿರುವ ಹಳ್ಳ ಈಗ ನೆಲದ ಮೇಲೆ ಎಲ್ಲಿದೆ ಎಂದು ನಡೆದು ನೋಡುವುದೇ ಒಂದು ಕಿರು ಸಂಶೋಧನೆಗೆ ಸಾಕಾಗುವಷ್ಟು ವಿಷಯ.

ಪಹಣಿ ಓದುವಾಗ ನೆಲದ ವರ್ಗೀಕರಣವನ್ನು ಗಮನವಿಟ್ಟು ನೋಡಬೇಕು. ಗೋಮಾಳ, ಕಾವಲು, ಖರಾಬು (ಸಾಗುವಳಿಗೆ ಬಾರದ ನೆಲ), ಕಾನು (ಮಲೆನಾಡಿನ ಊರಬದಿಯ ದಟ್ಟ ಕಾಡು), ಸೊಪ್ಪಿನ ಬೆಟ್ಟ ಇವೆಲ್ಲ ಬೇರೆ ಬೇರೆ ಹಕ್ಕುಗಳನ್ನು ಸೂಚಿಸುತ್ತವೆ. ಇವುಗಳ ಜೊತೆಗೆ ಸಾಗುವಳಿಗೆ ಯೋಗ್ಯವಲ್ಲವೆಂದು ಕಂದಾಯ ಇಲಾಖೆ ಗುರುತಿಸಿ ನೆಡುತೋಪು ಬೆಳೆಸಲು ಅರಣ್ಯ ಇಲಾಖೆಗೆ ವಹಿಸಿದ 'ಸಿ ಮತ್ತು ಡಿ' ವರ್ಗದ ಭೂಮಿ ಈ ಭಾಗದಲ್ಲಿ ಸಾಕಷ್ಟಿದೆ. ಕರ್ನಾಟಕ ಅರಣ್ಯ ಕಾಯ್ದೆ 1963ರ ಸೆಕ್ಷನ್ 4ರ ಅಡಿಯ ಅಧಿಸೂಚನೆ ಎಂದರೆ ಮೀಸಲು ಅರಣ್ಯ ಮಾಡುವ ಉದ್ದೇಶದ ಪ್ರಕಟಣೆ ಮಾತ್ರ. ಸೆಕ್ಷನ್ 17ರ ಅಧಿಸೂಚನೆ ಹೊರಬಿದ್ದ ಮೇಲೆ ಅದು ಮೀಸಲು ಅರಣ್ಯವಾಗುತ್ತದೆ. ಈ ವ್ಯತ್ಯಾಸ ತಿಳಿಯದೆ ಬರೆದ ವರದಿಗಳಲ್ಲಿ 'ಅರಣ್ಯ' ಎಂಬ ಪದ ನಾಲ್ಕು ಬಗೆಯ ನೆಲಕ್ಕೆ ಸಲ್ಲುತ್ತಿರುತ್ತದೆ. ಇನ್ನೊಂದು ಎಚ್ಚರವೂ ಬೇಕು. ಸರ್ವೆ ನಂಬರ್ ಕೇಳುತ್ತ ಊರೊಳಗೆ ಓಡಾಡುವವರನ್ನು ಜನ ಒತ್ತುವರಿ ತೆರವಿಗೆ ಬಂದವರೆಂದೇ ಮೊದಲು ಅನುಮಾನಿಸುತ್ತಾರೆ, ಆ ಅನುಮಾನಕ್ಕೆ ಕಾರಣವೂ ಇದೆ. ಕಾಲೇಜಿನ ಪತ್ರವನ್ನು ಜೇಬಿನಲ್ಲಿಟ್ಟುಕೊಂಡು, ಪಂಚಾಯಿತಿಯ ಅಧ್ಯಕ್ಷರಿಗೋ ಊರಿನ ಹಿರಿಯರಿಗೋ ಮೊದಲೇ ವಿಷಯ ತಿಳಿಸಿ, ಆಮೇಲೆ ನೋಟ್‌ಬುಕ್ ತೆರೆಯುವುದು ಲೇಸು.

ದೊಡ್ಡ ಹರವಿನ ನಕ್ಷೆ ಬೇಕಾದಾಗ ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ಸ್ಥಳವಿವರಣಾ ನಕ್ಷೆಗಳನ್ನು ಅದರ ಜಾಲತಾಣದಿಂದ ಪಡೆಯಬಹುದು. ಇಸ್ರೋದ 'ಭುವನ್' ಹಾಗೂ ಗೂಗಲ್ ಅರ್ಥ್‌ನ ಹಳೆಯ ಉಪಗ್ರಹ ಚಿತ್ರಗಳು ತೋಟ, ಕೆರೆ, ರಸ್ತೆಗಳು ಬದಲಾದ ಬಗೆಯನ್ನು ತೋರಿಸುತ್ತವೆ. ಇವನ್ನೆಲ್ಲ ಒಂದರ ಮೇಲೊಂದು ಇಟ್ಟು ನೋಡಲು 'ಕ್ಯೂಜಿಐಎಸ್' ಎಂಬ ಉಚಿತ ತಂತ್ರಾಂಶವನ್ನು ಕಲಿಯಬೇಕು. ಕಲಿಯಲು ಸ್ವಲ್ಪ ತಾಳ್ಮೆ ಬೇಕಾದರೂ ಮುಂದೆ ಉದ್ಯೋಗಕ್ಕೆ ಹೋದಲ್ಲೆಲ್ಲ ಕೆಲಸಕ್ಕೆ ಬರುವ ವಿದ್ಯೆ ಅದು.

ಹಳೆಯ ದಾಖಲೆಗಳು

ಹಾಸನ ಜಿಲ್ಲೆಯ ವಿದ್ಯಾರ್ಥಿಗಳಿಗೆ ಭಾರತದ ಬಹಳಷ್ಟು ಜಿಲ್ಲೆಗಳಲ್ಲಿ ಇಲ್ಲದ ಒಂದು ಸೌಲಭ್ಯವಿದೆ. ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನ ಸೆಸಿಲ್ ಸಲ್ಡಾನ ಮತ್ತು ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಡ್ಯಾನ್ ನಿಕಲ್ಸನ್ ಅವರ ಸಂಪಾದಕತ್ವದಲ್ಲಿ ಈ ಜಿಲ್ಲೆಯ ಸಸ್ಯಗಳ ಸಮಗ್ರ ಗ್ರಂಥ 1976ರಲ್ಲಿ ಪ್ರಕಟವಾಯಿತು. ಗಿಡವನ್ನು ಗುರುತಿಸುವ ಕೀಲಿಗಳಲ್ಲದೆ, ಮಾದರಿಯನ್ನು ಯಾವ ಸ್ಥಳದಲ್ಲಿ ಸಂಗ್ರಹಿಸಲಾಯಿತು ಎಂಬ ವಿವರವೂ ಅದರಲ್ಲಿರುವುದರಿಂದ, ಸುಮಾರು ಅರ್ಧ ಶತಮಾನದ ಹಿಂದೆ ಶಿರಾಡಿ, ಬಿಸಿಲೆ, ಬೇಲೂರು, ಅರಸೀಕೆರೆಗಳ ಸುತ್ತ ಏನು ಬೆಳೆಯುತ್ತಿತ್ತೆಂದು ಇಂದು ಹೋಲಿಸಿ ನೋಡಲು ಸಾಧ್ಯ. ಒಂದು ಸಸ್ಯ ಗುಂಪನ್ನು, ಉದಾಹರಣೆಗೆ ಆರ್ಕಿಡ್‌ಗಳನ್ನೋ ಗೌರಿಹೂವಿನ ಬಂಧುಗಳನ್ನೋ, ಆರಿಸಿಕೊಂಡು ಗ್ರಂಥದಲ್ಲಿ ನಮೂದಾದ ಸ್ಥಳಗಳಿಗೆ ಅದೇ ತಿಂಗಳಲ್ಲಿ ಮತ್ತೆ ಹೋಗಿ ನೋಡುವುದು ಸ್ನಾತಕೋತ್ತರ ವಿದ್ಯಾರ್ಥಿಗೆ ಹೇಳಿ ಮಾಡಿಸಿದ ಕೆಲಸ. ಆ ಸಂಗ್ರಹದ ಒಣ ಮಾದರಿಗಳು ಈಗ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದ ಹರ್ಬೇರಿಯಂನಲ್ಲಿವೆ. ಆ ಕೇಂದ್ರ ದಕ್ಷಿಣ ಭಾರತದ ಸಸ್ಯಗಳ ಮಾಹಿತಿಯನ್ನು ಚಿತ್ರಗಳೊಂದಿಗೆ ಅಂತರಜಾಲದಲ್ಲಿ ಉಚಿತವಾಗಿ ಒದಗಿಸಿದೆ. ಚಿಕ್ಕಮಗಳೂರು ಜಿಲ್ಲೆಯ ಸಸ್ಯಗಳ ಬಗ್ಗೆ ಯೋಗನರಸಿಂಹನ್ ಮತ್ತು ಸಂಗಡಿಗರ ಪ್ರತ್ಯೇಕ ಗ್ರಂಥವಿದೆ. ಅದು ವಿಶ್ವವಿದ್ಯಾಲಯದ ಗ್ರಂಥಾಲಯಗಳಲ್ಲಿ ಕೇಳಿ ನೋಡಬೇಕಾದದ್ದು.

ಪ್ರಾಣಿಗಳ ಬಗೆಗೂ ಇಂಥ ಹಳೆಯ ಎಳೆಗಳು ಸಿಗುತ್ತವೆ. ಮೂಡಿಗೆರೆ ತಾಲ್ಲೂಕಿನ ಕೊಟ್ಟಿಗೆಹಾರದ ಹೆಸರು ಹೊತ್ತ ಪುಟ್ಟ ಕುಣಿಯುವ ಕಪ್ಪೆಯೊಂದಿದೆ. ಸಿ.ಆರ್. ನಾರಾಯಣ ರಾವ್ ಅವರು 1937ರಲ್ಲಿ ಅದನ್ನು ವಿಜ್ಞಾನಕ್ಕೆ ಪರಿಚಯಿಸಿದರು. ಹರಿಯುವ ತೊರೆಯ ಬಂಡೆಗಳ ಮೇಲೆ ಕೂತು ಹಿಂಗಾಲು ಚಾಚಿ ಸಂಜ್ಞೆ ಮಾಡುವ ಈ ಬಳಗದ ಕಪ್ಪೆಗಳಿಗೆ ನೆರಳಿರುವ, ವರ್ಷದ ಹೆಚ್ಚು ಕಾಲ ಹರಿಯುವ ತೊರೆ ಬೇಕು. ಆದ್ದರಿಂದ ತೊರೆಗಳ ಸ್ಥಿತಿಯನ್ನು ಅಳೆಯಲು ಅವು ಒಳ್ಳೆಯ ಸೂಚಕಗಳು. ಘಟ್ಟದ ಹೊಳೆಗಳ ನೀರನ್ನು ಪೂರ್ವದ ಬಯಲು ಜಿಲ್ಲೆಗಳಿಗೆ ಒಯ್ಯುವ ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಸಕಲೇಶಪುರ ತಾಲ್ಲೂಕಿನಲ್ಲಿ ಚಾಲನೆ ದೊರೆತ ಮೇಲೆ ಘಟ್ಟದ ಹೊಳೆಗಳ ಹರಿವು, ಮೀನು, ಕಪ್ಪೆಗಳ ಬಗ್ಗೆ ನಿಯತವಾದ ದಾಖಲೆಯ ಅಗತ್ಯ ಹೆಚ್ಚಾಗಿದೆ.

ಬ್ರಿಟಿಷರ ಕಾಲದ ಗೆಜೆಟಿಯರ್‌ಗಳು, ಶಾಸನ ಸಂಪುಟಗಳು ಅಂತರಜಾಲದ ಡಿಜಿಟಲ್ ಗ್ರಂಥಾಲಯಗಳಲ್ಲಿ ಉಚಿತವಾಗಿ ದೊರೆಯುತ್ತವೆ. ಲೂಯಿಸ್ ರೈಸ್ ಅವರ 1897ರ ಮೈಸೂರು ಗೆಜೆಟಿಯರ್‌ನ ಎರಡನೇ ಸಂಪುಟದಲ್ಲಿ ಜಿಲ್ಲಾವಾರು ಕಾಡು, ಬೆಳೆ, ಮಳೆ, ಪ್ರಾಣಿಗಳ ವಿವರಗಳಿವೆ. ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕದ ಐದನೇ ಸಂಪುಟ ಹಾಸನಕ್ಕೂ ಆರನೆಯದು ಚಿಕ್ಕಮಗಳೂರಿಗೂ ಸಂಬಂಧಿಸಿದ್ದು, ಕೆರೆ ಕಟ್ಟಿಸಿದ, ಕೆರೆಗೆ ಭೂಮಿ ಬಿಟ್ಟ ಉಲ್ಲೇಖಗಳು ಅವುಗಳಲ್ಲಿ ತುಂಬಿವೆ. ಹುಡುಕುವಾಗ ಒಂದು ಮಾತು ನೆನಪಿಡಬೇಕು: ಚಿಕ್ಕಮಗಳೂರು ಜಿಲ್ಲೆ ಹಳೆಯ ದಾಖಲೆಗಳಲ್ಲಿ 'ಕಡೂರು ಜಿಲ್ಲೆ' ಎಂದೇ ಇದೆ, ಸಕಲೇಶಪುರ ತಾಲ್ಲೂಕು 'ಮಂಜರಾಬಾದ್' ಆಗಿದೆ. ಇಂಗ್ಲಿಷ್ ಕಾಗುಣಿತವನ್ನೂ ನಾಲ್ಕಾರು ಬಗೆಯಲ್ಲಿ ಬದಲಿಸಿ ನೋಡದಿದ್ದರೆ ಅರ್ಧದಷ್ಟು ದಾಖಲೆಗಳು ಕಣ್ತಪ್ಪುತ್ತವೆ.

ಕೆರೆಯನ್ನು ವಿಷಯವಾಗಿ ಆರಿಸಿದವರು ಅದರ ಒಡೆತನವನ್ನೂ ವಿಚಾರಿಸಬೇಕಾಗುತ್ತದೆ. ಅಚ್ಚುಕಟ್ಟು (ಕೆರೆಯ ನೀರುಣ್ಣುವ ಜಮೀನು) 40 ಹೆಕ್ಟೇರಿಗಿಂತ ಕಡಿಮೆ ಇರುವ ಕೆರೆಗಳು ಸಾಮಾನ್ಯವಾಗಿ ಪಂಚಾಯತ್ ರಾಜ್ ಸಂಸ್ಥೆಗಳ ಸುಪರ್ದಿನಲ್ಲಿಯೂ 40ರಿಂದ 2,000 ಹೆಕ್ಟೇರ್‌ವರೆಗಿನವು ಸಣ್ಣ ನೀರಾವರಿ ಇಲಾಖೆಯ ಸುಪರ್ದಿನಲ್ಲಿಯೂ ಇರುತ್ತವೆ. ಹೂಳೆತ್ತಿದ ಅಂದಾಜು ಪಟ್ಟಿ, ತೂಬು ದುರಸ್ತಿಯ ಲೆಕ್ಕ, ಮೀನು ಹರಾಜಿನ ವಿವರ ಇವೆಲ್ಲ ಆಯಾ ಕಚೇರಿಯಲ್ಲಿ ಸಿಗುವಂಥವು. ಸಖರಾಯಪಟ್ಟಣದ ಅಯ್ಯನಕೆರೆ, ಹಳೇಬೀಡಿನ ದ್ವಾರಸಮುದ್ರದಂಥ ದೊಡ್ಡ ಕೆರೆಗಳ ಬಗ್ಗೆ ಬರೆದವರಿದ್ದಾರೆ. ಊರಬದಿಯ ಸಣ್ಣ ಕಟ್ಟೆಗಳ ಬಗ್ಗೆ ಬರೆದವರು ವಿರಳ.

ತೋಟದ ಮಳೆ ಪುಸ್ತಕ

ಮಲೆನಾಡಿನ ತೋಟಗಳಲ್ಲಿ ಪ್ರತಿದಿನ ಬೆಳಗ್ಗೆ ಮಳೆಮಾಪಕದ ನೀರನ್ನು ಅಳೆದು ಪುಸ್ತಕದಲ್ಲಿ ಬರೆದಿಡುವ ಪದ್ಧತಿ ತಲೆಮಾರುಗಳಿಂದ ನಡೆದುಬಂದಿದೆ. ಮಾರ್ಚ್, ಏಪ್ರಿಲ್‌ನ ಹೂಮಳೆ ಎಂದು ಬಂತು, ಎಷ್ಟು ಬಂತು ಎನ್ನುವುದರ ಮೇಲೆ ವರ್ಷದ ಫಸಲೇ ನಿಂತಿರುವುದರಿಂದ ಬೆಳೆಗಾರರು ಇದರಲ್ಲಿ ಅಸಡ್ಡೆ ತೋರುವುದಿಲ್ಲ. ಹವಾಮಾನ ಬದಲಾವಣೆಯ ಬಗ್ಗೆ ಸ್ಥಳೀಯವಾಗಿ ಏನಾದರೂ ಹೇಳಬೇಕೆಂದರೆ ಇದಕ್ಕಿಂತ ಸೂಕ್ಷ್ಮವಾದ ದತ್ತಾಂಶ ಬೇರೆಲ್ಲೂ ಸಿಗದು. ಪುಸ್ತಕ ಕೇಳಲು ಹೋಗುವಾಗ ಕಾಫಿ ಕೊಯ್ಲಿನ ತಿಂಗಳುಗಳನ್ನು ಬಿಟ್ಟು ಹೋಗಬೇಕು. ಡಿಸೆಂಬರ್, ಜನವರಿಯಲ್ಲಿ ಯಾರಿಗೂ ಕೂತು ಮಾತಾಡುವ ಬಿಡುವಿರುವುದಿಲ್ಲ. ಪುಸ್ತಕವನ್ನು ಮನೆಗೆ ಒಯ್ಯುವ ಮಾತೆತ್ತದೆ ಅಲ್ಲೇ ಪುಟಗಳ ಫೋಟೊ ತೆಗೆದುಕೊಂಡು, ಟೈಪ್ ಮಾಡಿದ ಪ್ರತಿಯನ್ನು ತೋಟದವರಿಗೂ ಕೊಟ್ಟರೆ ಮುಂದಿನ ಬಾರಿ ಬಾಗಿಲು ತಾನಾಗಿ ತೆರೆಯುತ್ತದೆ.

ಲೆಕ್ಕ ಮಾಡುವಾಗ ಹಳೆಯ ಪುಸ್ತಕಗಳು ಇಂಚು ಮತ್ತು ಸೆಂಟುಗಳಲ್ಲಿ ಇರುತ್ತವೆ ಎನ್ನುವುದನ್ನು ಮರೆಯಬಾರದು. ನೂರು ಸೆಂಟು ಸೇರಿದರೆ ಒಂದು ಇಂಚು, ಒಂದು ಇಂಚು ಎಂದರೆ 25.4 ಮಿಲಿಮೀಟರ್. ಬೆಳಗ್ಗೆ ಅಳೆದ ಮಳೆಯನ್ನು ಕೆಲವು ತೋಟಗಳು ಆ ದಿನದ ಹೆಸರಿನಲ್ಲೂ ಕೆಲವು ಹಿಂದಿನ ದಿನದ ಹೆಸರಿನಲ್ಲೂ ಬರೆಯುವುದರಿಂದ, ಎರಡು ತೋಟಗಳನ್ನು ದಿನವಾರು ಹೋಲಿಸುವ ಮೊದಲು ರೈಟರನ್ನು ಕೇಳಿ ಖಚಿತಪಡಿಸಿಕೊಳ್ಳಬೇಕು. ಇತ್ತೀಚಿನ ವರ್ಷಗಳಿಗೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಅಳವಡಿಸಿರುವ ಮಳೆಮಾಪಕಗಳ ದತ್ತಾಂಶದೊಂದಿಗೆ ತೋಟದ ಅಂಕಿಗಳನ್ನು ತಾಳೆ ನೋಡಬಹುದು.

ಗುರುತಿಸುವುದು ಮತ್ತು ದಾಖಲಿಸುವುದು

ಹಕ್ಕಿಗಳಿಗೆ ಕಾರ್ನೆಲ್ ಪಕ್ಷಿಶಾಸ್ತ್ರ ಪ್ರಯೋಗಾಲಯ ನಡೆಸುವ 'ಇಬರ್ಡ್' ಈಗ ಎಲ್ಲರಿಗೂ ಪರಿಚಿತ. ಭಾರತದಲ್ಲಿ ಅದನ್ನು ಬಳಸುವವರಿಗೆ ಬರ್ಡ್ ಕೌಂಟ್ ಇಂಡಿಯಾ ಮಾರ್ಗದರ್ಶನ ನೀಡುತ್ತದೆ. ಕಂಡ ಅಪರೂಪದ ಹಕ್ಕಿಯನ್ನಷ್ಟೇ ಬರೆಯದೆ, ಕಾಗೆ, ಮೈನಾಗಳನ್ನೂ ಸೇರಿಸಿ ಹದಿನೈದು ನಿಮಿಷದ ಪೂರ್ಣ ಪಟ್ಟಿಗಳನ್ನು ಮಾಡಿದಾಗ ಮಾತ್ರ ಅದು ವಿಜ್ಞಾನಕ್ಕೆ ಉಪಯೋಗವಾಗುತ್ತದೆ. ಫೆಬ್ರುವರಿಯ ಕ್ಯಾಂಪಸ್ ಹಕ್ಕಿ ಗಣತಿಯಲ್ಲಿ ಕಾಲೇಜುಗಳು ಪಾಲ್ಗೊಳ್ಳಬಹುದು. ಜನವರಿಯಲ್ಲಿ ನಡೆಯುವ ಏಷ್ಯಾ ಜಲಪಕ್ಷಿ ಗಣತಿಗೆ ಈ ಎರಡು ಜಿಲ್ಲೆಗಳಲ್ಲಿ ಕೆರೆಗಳ ಕೊರತೆ ಇಲ್ಲ. 'ಮರ್ಲಿನ್' ಎಂಬ ಆ್ಯಪ್ ಕೂಗನ್ನು ಕೇಳಿ ಹಕ್ಕಿಯ ಹೆಸರು ಸೂಚಿಸುತ್ತದೆ. ಅದು ಸೂಚನೆಯೇ ಹೊರತು ಪುರಾವೆಯಲ್ಲ. ಸ್ವತಃ ಕಾಣದ, ಕೂಗನ್ನು ಸ್ವತಃ ಗುರುತಿಸಲಾಗದ ಹಕ್ಕಿಯನ್ನು ಆ್ಯಪ್ ಹೇಳಿತೆಂದು ಪಟ್ಟಿಗೆ ಸೇರಿಸಿದರೆ ಒಂದು ವರ್ಷದ ಶ್ರಮದ ಮೇಲಿನ ನಂಬಿಕೆಯೇ ಹೋಗುತ್ತದೆ.

ಗಿಡ, ಕೀಟ, ಕಪ್ಪೆ, ಅಣಬೆಗಳಿಗೆ 'ಐನ್ಯಾಚುರಲಿಸ್ಟ್' ಮತ್ತು 'ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್' ಎರಡೂ ಒಳ್ಳೆಯವು. ಫೋಟೊ ಹಾಕುವಾಗ ಹೂವಿನ ಜೊತೆಗೆ ಎಲೆಯ ಮೇಲ್ಮೈ, ಕೆಳಮೈ, ಎಲೆಗಳ ಜೋಡಣೆ, ತೊಗಟೆ ಇವುಗಳ ಚಿತ್ರಗಳನ್ನೂ ಸೇರಿಸಿದರೆ ತಜ್ಞರು ಹೆಸರು ಹೇಳಲು ಸಾಧ್ಯ; ಹೂವಿನ ಚೆಂದದ ಚಿತ್ರ ಒಂದೇ ಇದ್ದರೆ ಅವರಿಗೂ ಕಷ್ಟ. ಕಳ್ಳಸಾಗಣೆಯ ಭಯವಿರುವ ಆರ್ಕಿಡ್, ಆಮೆ, ಚಿಪ್ಪುಹಂದಿ ಮುಂತಾದವುಗಳ ನಿಖರ ಸ್ಥಳವನ್ನು ಎಲ್ಲೂ ಬಹಿರಂಗಪಡಿಸಬಾರದು. 2022ರಲ್ಲಿ ಚಂದ್ರದ್ರೋಣ ಪರ್ವತ ಶ್ರೇಣಿಯಲ್ಲಿ ಕುರಿಂಜಿ ಅರಳಿದಾಗ ನೆರೆದ ವಾಹನಗಳನ್ನು ನೆನೆದರೆ ಸಾಮಾನ್ಯ ಹೂವಿನ ಸ್ಥಳವನ್ನು ಹೇಳುವಾಗಲೂ ಒಂದು ಕ್ಷಣ ಯೋಚಿಸಬೇಕೆನಿಸುತ್ತದೆ. ಮರಗಳ ಚಿಗುರು, ಹೂ, ಕಾಯಿಗಳ ಕಾಲವನ್ನು ಗಮನಿಸಲು 'ಸೀಸನ್‌ವಾಚ್' ಇದೆ. ಮನೆಯ ಪಕ್ಕದ ಹಲಸನ್ನೋ ಕಾಲೇಜಿನ ಹೊಂಗೆಯನ್ನೋ ವಾರಕ್ಕೊಮ್ಮೆ ನೋಡಿ ಬರೆದರೆ ಸಾಕು.

ಆ್ಯಪ್ ಎಷ್ಟೇ ಇದ್ದರೂ ಕಾಗದದ ನೋಟ್‌ಬುಕ್ ಬಿಡಬಾರದು. ದಿನಾಂಕ, ಸಮಯ, ಸರ್ವೆ ನಂಬರ್ ಅಥವಾ ಅಕ್ಷಾಂಶ ರೇಖಾಂಶ, ಹವೆ, ಜೊತೆಗಿದ್ದವರು, ಹುಡುಕಿದರೂ ಕಾಣದ್ದು ಇವನ್ನು ಪೆನ್ಸಿಲಿನಲ್ಲಿ ಬರೆಯಬೇಕು. ಮಲೆನಾಡಿನ ಮಳೆಯಲ್ಲಿ ಪೆನ್ನಿನ ಶಾಯಿ ಹರಡುತ್ತದೆ, ಮೊಬೈಲಿನ ಪರದೆ ಬೆರಳನ್ನು ಗುರುತಿಸುವುದಿಲ್ಲ.

ಒಂದು ಮಾದರಿ: ನೆರಳು ಮರಗಳ ಅಧ್ಯಯನ

ಮೇಲಿನ ಆಕರಗಳು ಒಂದು ಪ್ರಶ್ನೆಯ ಸುತ್ತ ಹೇಗೆ ಕೂಡಿಬರುತ್ತವೆ ಎಂಬುದಕ್ಕೆ ಕಾಫಿ ತೋಟದ ನೆರಳನ್ನೇ ತೆಗೆದುಕೊಳ್ಳಬಹುದು. ಅತ್ತಿ, ಬಸರಿ, ಹಲಸು, ನಂದಿ, ಬೀಟೆ, ಮತ್ತಿ, ಹಾಲುವಾಣಗಳ ನೆರಳಿನಲ್ಲಿ ಬೆಳೆಯುತ್ತಿದ್ದ ಕಾಫಿಗೆ ಈಗ ಅನೇಕ ಕಡೆ ಸಿಲ್ವರ್ ಓಕ್ ನೆರಳಾಗಿದೆ. ಆಸ್ಟ್ರೇಲಿಯ ಮೂಲದ ಈ ಮರ ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ನೆಟ್ಟಗಿರುತ್ತದೆ, ಎಲ್ಲಕ್ಕಿಂತ ಮಿಗಿಲಾಗಿ ಇದನ್ನು ಕಡಿಯಲು ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಲ್ಲಿ ವಿನಾಯಿತಿ ಇದೆ. ಬೀಟೆ, ಮತ್ತಿಯಂಥ ನಾಡಮರ ಕಡಿಯಲು ಅರ್ಜಿ ಹಿಡಿದು ಅಲೆಯಬೇಕು. ಬೆಳೆಗಾರರನ್ನು ದೂರುವ ಮೊದಲು ವಿದ್ಯಾರ್ಥಿ ಇದನ್ನು ಅರ್ಥಮಾಡಿಕೊಳ್ಳಬೇಕು: ನಾಡಮರವನ್ನು ಕಾಪಾಡಲು ಮಾಡಿದ ನಿಯಮವೇ ಹೊಸದಾಗಿ ನಾಡಮರ ನೆಡಲು ಹಿಂಜರಿಕೆ ಹುಟ್ಟಿಸುವುದೂ ಉಂಟು.

ಅಧ್ಯಯನಕ್ಕೆ ಒಂದೇ ಗ್ರಾಮದಲ್ಲಿ ನಾಡಮರ ಹೆಚ್ಚಿರುವ, ಮಿಶ್ರವಾಗಿರುವ, ಸಿಲ್ವರ್ ಓಕ್ ಹೆಚ್ಚಿರುವ ತೋಟಗಳನ್ನು ಆರಿಸಬೇಕು. ಪ್ರತಿ ತೋಟದಲ್ಲೂ 20 ಮೀಟರ್ ಉದ್ದಗಲದ ಚೌಕಗಳನ್ನು ಹಗ್ಗ ಕಟ್ಟಿ ಗುರುತಿಸಿ, ನೆಲದಿಂದ 1.3 ಮೀಟರ್ ಎತ್ತರದಲ್ಲಿ 30 ಸೆಂಟಿಮೀಟರಿಗಿಂತ ಹೆಚ್ಚು ಸುತ್ತಳತೆ ಇರುವ ಮರಗಳನ್ನೆಲ್ಲ ಅಳೆದು ಹೆಸರು ಬರೆಯಬೇಕು. ಮೇಸ್ತ್ರಿಗಳಿಗೆ ಮರಗಳ ಸ್ಥಳೀಯ ಹೆಸರು ಚೆನ್ನಾಗಿ ಗೊತ್ತಿರುತ್ತದೆ. ಅದನ್ನು ಬರೆದುಕೊಂಡು ಸಸ್ಯಗ್ರಂಥದ ಕೀಲಿಯೊಡನೆ ತಾಳೆ ನೋಡಬೇಕು. ಚೌಕದ ನಡುವೆ ನಿಂತು ಬೆಳಗಿನ ಹೊತ್ತು ಹಕ್ಕಿಗಳ ಹದಿನೈದು ನಿಮಿಷದ ಪಟ್ಟಿಯನ್ನು ಬೇರೆ ಬೇರೆ ದಿನಗಳಲ್ಲಿ ಮಾಡಬೇಕು. ಮಳೆಗಾಲಕ್ಕೆ ಮುಂಚೆ ಮರಗಸಿ, ಅಂದರೆ ನೆರಳು ಮರಗಳ ಕೊಂಬೆ ಸವರುವ ಕೆಲಸ, ನಡೆಯುತ್ತದಾದ್ದರಿಂದ ಅದರ ಮುಂಚಿನ ಮತ್ತು ನಂತರದ ಎಣಿಕೆಗಳನ್ನು ಬೆರೆಸಬಾರದು. ಬಾಳೆಹೊನ್ನೂರಿನ ಬಳಿ 1925ರಲ್ಲಿ ಆರಂಭವಾದ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ನೆರಳು, ಮಣ್ಣು, ಕೀಟಗಳ ಬಗ್ಗೆ ಕೇಳಬೇಕಾದ ಜಾಗ. ಬಿಸಿಲು ಹೆಚ್ಚು ಬೀಳುವ ಅರೇಬಿಕಾ ಗಿಡಗಳಿಗೆ ಬಿಳಿ ಕಾಂಡಕೊರಕ ಎಂಬ ಕೀಟದ ಬಾಧೆ ಹೆಚ್ಚು ಎಂಬುದರಿಂದ, ನೆರಳಿನ ಪ್ರಶ್ನೆ ಹಕ್ಕಿಪ್ರಿಯರದಷ್ಟೇ ಬೆಳೆಗಾರರದೂ ಆಗಿದೆ. ಮೂಡಿಗೆರೆಯ ತೋಟಗಾರಿಕಾ ಕಾಲೇಜು, ಮೂಡಿಗೆರೆ ಮತ್ತು ಹಾಸನದ ಕಂದಲಿಯ ಕೃಷಿ ವಿಜ್ಞಾನ ಕೇಂದ್ರಗಳಲ್ಲೂ ಸಲಹೆ ದೊರೆಯುತ್ತದೆ.

ಅನುಮತಿ ಮತ್ತು ಸುರಕ್ಷತೆ

ಖಾಸಗಿ ತೋಟಕ್ಕೆ ಮಾಲೀಕರ ಒಪ್ಪಿಗೆ ಸಾಕು. ಮೀಸಲು ಅರಣ್ಯದಲ್ಲಿ ಕೆಲಸ ಮಾಡಲು ಆ ಅರಣ್ಯ ವಿಭಾಗದ ಉಪ ಅರಣ್ಯ ಸಂರಕ್ಷಣಾಧಿಕಾರಿಗಳಿಗೆ ಕಾಲೇಜಿನ ಮುಖ್ಯಸ್ಥರ ಸಹಿಯುಳ್ಳ ಅರ್ಜಿ ಸಲ್ಲಿಸಬೇಕು. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಅಡಿ ಬರುವ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಅಗತ್ಯ. ಚಿಕ್ಕಮಗಳೂರು ಜಿಲ್ಲೆಯೊಳಗೇ ಚಿಕ್ಕಮಗಳೂರು ಮತ್ತು ಕೊಪ್ಪ ಎಂಬ ಬೇರೆ ಬೇರೆ ಅರಣ್ಯ ವಿಭಾಗಗಳಿವೆ, ಕುದುರೆಮುಖ ವನ್ಯಜೀವಿ ವಿಭಾಗದ ಕಚೇರಿ ಕಾರ್ಕಳದಲ್ಲಿದೆ. ಯಾವ ಕಚೇರಿಗೆ ಅರ್ಜಿ ಎಂದು ಮೊದಲೇ ವಿಚಾರಿಸಿದರೆ ಅಲೆದಾಟ ತಪ್ಪುತ್ತದೆ. ಕಾಗದಪತ್ರ ಬೇಕಾದಾಗ ಮೊದಲು ಸಾದಾ ಪತ್ರ ಬರೆದು ಕೇಳಬೇಕು, ಉತ್ತರ ಬಾರದಿದ್ದರೆ ಮಾತ್ರ ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಬೇಕು. ಅದಕ್ಕೆ 30 ದಿನಗಳೊಳಗೆ ಉತ್ತರಿಸುವುದು ಕಡ್ಡಾಯ. ಯೋಜನೆಗಳಿಗೆ ಕೇಂದ್ರ ಪರಿಸರ ಸಚಿವಾಲಯ ನೀಡುವ ಅನುಮತಿಗಳ ಅರ್ಜಿಗಳು 'ಪರಿವೇಶ್' ಜಾಲತಾಣದಲ್ಲಿ ನೋಡಲು ಸಿಗುತ್ತವೆ.

ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಕೆಲಸ ಮಾಡುವವರಿಗೆ ಆನೆಗಳ ಓಡಾಟ ತಿಳಿದಿರಲೇಬೇಕು. ಅರಣ್ಯ ಇಲಾಖೆಯ ಎಚ್ಚರಿಕೆ ಸಂದೇಶಗಳನ್ನು ಪಡೆಯುವ ಸ್ಥಳೀಯ ವಾಟ್ಸ್‌ಆ್ಯಪ್ ಗುಂಪುಗಳಿಗೆ ಸೇರಿಕೊಂಡು, ಬೆಳಕು ಹರಿದು ಕೆಲಸಗಾರರು ತೋಟಕ್ಕೆ ಇಳಿದ ಮೇಲಷ್ಟೇ ಒಳಗೆ ಹೋಗಬೇಕು. ಈ ಸಂಘರ್ಷದ ಹಿನ್ನೆಲೆ ತಿಳಿಯಲು, ಹೈಕೋರ್ಟ್ ಆದೇಶದಂತೆ ರಚನೆಯಾಗಿ ರಾಮನ್ ಸುಕುಮಾರ್ ಅಧ್ಯಕ್ಷತೆಯಲ್ಲಿ 2012ರಲ್ಲಿ ವರದಿ ಸಲ್ಲಿಸಿದ ಕರ್ನಾಟಕ ಆನೆ ಕಾರ್ಯಪಡೆಯ ವರದಿಯನ್ನು ಓದುವುದು ಕಡ್ಡಾಯವೆನ್ನಬಹುದು. ಆನೆಗಳನ್ನು ಸಂರಕ್ಷಿಸುವ, ಸಹಬಾಳ್ವೆಗೆ ಪ್ರಯತ್ನಿಸುವ, ಸ್ಥಳಾಂತರಿಸುವ ಮೂರು ಬಗೆಯ ವಲಯಗಳ ಚರ್ಚೆ ಅದರಲ್ಲಿದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಡಿಸೆಂಬರ್‌ನಿಂದ ಮೇವರೆಗೆ ಮಂಗನ ಕಾಯಿಲೆಯ ಭಯವಿರುತ್ತದೆ. ಉಣುಗುಗಳಿಂದ ಹರಡುವ ಈ ರೋಗ ಮೊದಲು ಗುರುತಾದದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ. ಮೈಮುಚ್ಚುವ ಬಟ್ಟೆ ತೊಟ್ಟು, ಆರೋಗ್ಯ ಇಲಾಖೆ ಕೊಡುವ ಡೇಪಾ ತೈಲ ಹಚ್ಚಿಕೊಂಡು, ಮನೆಗೆ ಬಂದೊಡನೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆ ಒಗೆಯಬೇಕು. ಸತ್ತ ಮಂಗ ಕಂಡರೆ ಮುಟ್ಟದೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಇಂಬಳದಿಂದ ಅಂಥ ಅಪಾಯವೇನಿಲ್ಲ, ಕಿರಿಕಿರಿ ಮಾತ್ರ.

ಓದು ಮತ್ತು ಮುಂದಿನ ವ್ಯಾಸಂಗ

ಪ್ರಬಂಧಗಳನ್ನು ಹಣ ಕೊಟ್ಟು ಓದುವ ಅಗತ್ಯ ಹೆಚ್ಚಾಗಿ ಬರುವುದಿಲ್ಲ. ಕರೆಂಟ್ ಸೈನ್ಸ್, ಜರ್ನಲ್ ಆಫ್ ಥ್ರೆಟನ್ಡ್ ಟ್ಯಾಕ್ಸಾ, ಇಂಡಿಯನ್ ಬರ್ಡ್ಸ್ ಪತ್ರಿಕೆಗಳು ಉಚಿತವಾಗಿ ಸಿಗುತ್ತವೆ. ಪಿಎಚ್‌ಡಿ ಪ್ರಬಂಧಗಳು 'ಶೋಧಗಂಗಾ'ದಲ್ಲಿವೆ. ಸಿಗದ ಲೇಖನವನ್ನು ಲೇಖಕರಿಗೇ ಮಿಂಚಂಚೆ ಬರೆದು ವಿನಯದಿಂದ ಕೇಳಿದರೆ ಬಹುತೇಕರು ಕಳಿಸುತ್ತಾರೆ. ಮುಂದೆ ವನ್ಯಜೀವಿ ಅಧ್ಯಯನಕ್ಕೆ ಹೋಗಬಯಸುವವರಿಗೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ, ಪೊನ್ನಂಪೇಟೆಯ ಅರಣ್ಯ ಕಾಲೇಜು, ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರ, ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಗಳಿವೆ. ಕೊನೆಯ ಎರಡರ ಪ್ರವೇಶಕ್ಕೆ ದೇಶಮಟ್ಟದ ಪೈಪೋಟಿ ಇದ್ದು ಸಂದರ್ಶನದಲ್ಲಿ ಸ್ವಂತ ಕ್ಷೇತ್ರಕಾರ್ಯದ ಬಗ್ಗೆ ಹೇಳಲು ಏನಾದರೂ ಇದ್ದವರಿಗೆ ಅನುಕೂಲ.

ವರದಿ ಯಾರಿಗೆ ತಲುಪಬೇಕು

ಜೀವವೈವಿಧ್ಯ ಕಾಯ್ದೆ 2002ರ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ಕೆಲವು ಪಂಚಾಯಿತಿಗಳಲ್ಲಿ ಈ ದಾಖಲಾತಿ ಶ್ರದ್ಧೆಯಿಂದ ಮಾಡಿದ್ದಾಗಿರುತ್ತದೆ, ಇನ್ನು ಕೆಲವೆಡೆ ಪಕ್ಕದ ಊರಿನದನ್ನೇ ನಕಲು ಮಾಡಿದಂತಿರುತ್ತದೆ. ಅಧ್ಯಯನ ಆರಂಭಿಸುವ ಮೊದಲು ಅದನ್ನು ಕೇಳಿ ಓದಬೇಕು, ಮುಗಿದ ಮೇಲೆ ನಕ್ಷೆ ಸಹಿತವಾದ ಎರಡು ಮೂರು ಪುಟಗಳ ಕನ್ನಡ ಸಾರಾಂಶವನ್ನು ಅದಕ್ಕೆ ಸೇರಿಸಲು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಿಗೆ ಕೊಡಬೇಕು. ತೋಟದ ಮಾಲೀಕರಿಗೂ ವಲಯ ಅರಣ್ಯಾಧಿಕಾರಿಗಳಿಗೂ ಒಂದೊಂದು ಪ್ರತಿ ಸಲ್ಲಬೇಕು. ಅಳತೆಗಳ ಮೂಲ ಹಾಳೆಗಳನ್ನು ಚೌಕಗಳ ಸರ್ವೆ ನಂಬರ್, ಅಕ್ಷಾಂಶ ರೇಖಾಂಶ, ದಿನಾಂಕಗಳೊಂದಿಗೆ ವಿಭಾಗದ ಗ್ರಂಥಾಲಯದಲ್ಲಿ ಇಟ್ಟು, ಒಂದು ಪ್ರತಿಯನ್ನು ಅಂತರಜಾಲದ ಸಂಗ್ರಹಕ್ಕೂ ಏರಿಸಿದರೆ ಐದೋ ಹತ್ತೋ ವರ್ಷದ ಮೇಲೆ ಬರುವ ವಿದ್ಯಾರ್ಥಿ ಅದೇ ಮರಗಳನ್ನು ಮತ್ತೆ ಅಳೆಯಬಹುದು.